ಡೋರ್ ಕ್ಲೋಸರ್ ಕೈಕೊಟ್ಟಿದೆಯಾ? ಸ್ಕ್ರೂ ಮುಟ್ಟುವ ಮೊದಲು ಅದು ಯಾವುದು ಅಂತ ಗುರುತು ಹಿಡಿಯಿರಿ

ತೆರೆದ ಬಾಗಿಲನ್ನು ತಾನಾಗೇ ಮೆಲ್ಲಗೆ ಮುಚ್ಚುವ ಸಾಧನ ಡೋರ್ ಕ್ಲೋಸರ್. ಅದು ಇದ್ದೂ ಬಾಗಿಲು ದಢಾರ್ ಅಂತ ಬಡಿದುಕೊಳ್ಳುತ್ತಿದೆ. ಇಲ್ಲವೇ ಮುಚ್ಚುತ್ತಾ ಬಂದು, ಒಂದು ಬೆರಳಷ್ಟು ಸಂದು ಬಿಟ್ಟು ನಿಂತುಬಿಡುತ್ತದೆ. ಆಗ ಹೆಚ್ಚಿನವರು ಮಾಡುವ ಕೆಲಸ ಒಂದೇ. ಏಣಿ ಹಾಕುವುದು, ಕಣ್ಣಿಗೆ ಬಿದ್ದ ಮೊದಲ ಸ್ಕ್ರೂ ತಿರುಗಿಸುವುದು. ಮೊದಮೊದಲು ನಾನೂ ಹಾಗೇ ಮಾಡುತ್ತಿದ್ದೆ. ಒಂದು ಕಚೇರಿಯ ಬಾಗಿಲು ತೆರೆದ ಮೇಲೆ ತುಂಬಾ ಹೊತ್ತು ಹಾಗೇ ನಿಲ್ಲುತ್ತಿತ್ತು, ಆಮೇಲೆ ನಿಧಾನವಾಗಿ ಹೊರಡುತ್ತಿತ್ತು. ಕ್ಲೋಸರ್ ಕೆಟ್ಟಿದೆ ಅಂದುಕೊಂಡು ವೇಗದ ಸ್ಕ್ರೂವನ್ನು ಬಿಚ್ಚುತ್ತಾ ಹೋದೆ. ಎರಡು ಸುತ್ತು, ಮೂರು ಸುತ್ತು. ಸ್ಕ್ರೂ ಸಡಿಲವಾಯಿತು, ಎಣ್ಣೆ ಚಿಮ್ಮಿ ಕೈಮೇಲೆ ಬಿತ್ತು. ಚೆನ್ನಾಗಿದ್ದ ಕ್ಲೋಸರ್ ಅಲ್ಲಿಗೆ ಹೋಯಿತು. ಅದಕ್ಕೆ ಯಾವ ರೋಗವೂ ಇರಲಿಲ್ಲ. ತಡವಾಗಿ ಮುಚ್ಚುವ ಸೌಲಭ್ಯ ಇದ್ದ ಮಾದರಿ ಅದು, ಕೈಗಾಡಿ ತಳ್ಳಿಕೊಂಡು ಬರುವವರಿಗೆ ಅನುಕೂಲ ಆಗಲಿ ಅಂತ ಬೇಕೆಂದೇ ಹಾಕಿದ್ದರು.

ದೋಷ ಯಾವುದು, ಕ್ಲೋಸರ್‌ನ ಗುಣ ಯಾವುದು ಅನ್ನುವುದು ಅದರ ಗುರುತು ಸಿಗದೆ ಗೊತ್ತಾಗುವುದಿಲ್ಲ. ಅದಕ್ಕೇ ಇಲ್ಲಿ ಗುರುತು ಹಿಡಿಯುವ ಕೆಲಸವೇ ಜಾಸ್ತಿ ಜಾಗ ತೆಗೆದುಕೊಂಡಿದೆ.

ಒಳಗೆ ಏನು ನಡೆಯುತ್ತದೆ

ಬಾಗಿಲು ತೆರೆದಾಗ ಆರ್ಮ್, ಅಂದರೆ ತೋಳು, ಬಾಡಿಯೊಳಗಿನ (ಕ್ಲೋಸರ್‌ನ ಲೋಹದ ಪೆಟ್ಟಿಗೆಯೊಳಗಿನ) ಹಲ್ಲಿನ ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರ ಪಿಸ್ಟನ್ ಅನ್ನು ತಳ್ಳುತ್ತದೆ, ಪಿಸ್ಟನ್ ಸ್ಪ್ರಿಂಗ್ ಅನ್ನು ಅದುಮುತ್ತದೆ. ನೀವು ಕೈ ಬಿಟ್ಟ ಮೇಲೆ ಸ್ಪ್ರಿಂಗ್ ಬಾಗಿಲನ್ನು ಎಳೆದು ಮುಚ್ಚುತ್ತದೆ. ಸುಮ್ನೆ ಬಿಟ್ಟರೆ ಅದು ಬಾಗಿಲನ್ನು ಬಡಿದೇ ಬಿಡುತ್ತದೆ, ಅಲ್ವಾ? ಹಾಗಾಗದಂತೆ ತಡೆಯುವುದು ಎಣ್ಣೆ. ಪಿಸ್ಟನ್ ಹಿಂದಕ್ಕೆ ಬರಬೇಕಾದರೆ ಎಣ್ಣೆ ಸಣ್ಣ ಸಣ್ಣ ದಾರಿಗಳಲ್ಲಿ ನುಸುಳಿ ಹೋಗಬೇಕು. ಆ ದಾರಿಗಳನ್ನು ಕಿರಿದು ಮಾಡುವುದು, ಅಗಲ ಮಾಡುವುದು ವಾಲ್ವ್ ಸ್ಕ್ರೂಗಳ ಕೆಲಸ.

ಬಲ ಕೊಡುವುದು ಸ್ಪ್ರಿಂಗ್, ವೇಗ ಹಿಡಿಯುವುದು ಎಣ್ಣೆ. ಬಾಗಿಲಿನ ಮುಂದೆ ನಿಂತಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈಗ ಕೈಕೊಟ್ಟಿರುವುದು ಬಲವೋ, ವೇಗವೋ?

ನೋಡಿಯೇ ಗುರುತು ಹಿಡಿಯುವುದು

ಮೊದಲು ಆರ್ಮ್ ನೋಡಿ. ಮೊಣಕೈಯಂತೆ ಮಡಚಿಕೊಳ್ಳುವ ಎರಡು ತುಂಡಿನ ಆರ್ಮ್ ಇದ್ದರೆ ಅದು ಹೆಚ್ಚಾಗಿ ರ್‍ಯಾಕ್ ಮತ್ತು ಪಿನಿಯನ್ (ಹಲ್ಲಿನ ಪಟ್ಟಿ, ಹಲ್ಲಿನ ಚಕ್ರ) ಜಾತಿ, ಡೋರ್ಮಾ ಕಂಪನಿಯ ಟಿಎಸ್ 83 ಇದ್ದ ಹಾಗೆ. ಒಂದೇ ತುಂಡಿನ ಆರ್ಮ್ ಒಂದು ಕಂಬಿಯೊಳಗೆ ಜಾರುತ್ತಿದ್ದರೆ ಅದು ಟ್ರ್ಯಾಕ್ ಮಾದರಿ. ಟ್ರ್ಯಾಕ್ ಮಾದರಿಯ ಒಳ್ಳೆಯ ಕ್ಲೋಸರ್‌ಗಳಲ್ಲಿ ಹಲ್ಲಿನ ಚಕ್ರದ ಬದಲು ಹೃದಯದ ಆಕಾರದ ಕ್ಯಾಮ್, ಅಂದರೆ ಹಲ್ಲಿಲ್ಲದ ತಿರುಗುವ ತುಂಡು, ಇರುತ್ತದೆ. ಟಿಎಸ್ 93 ಆ ಜಾತಿಯದು. ತೆರೆಯಲು ಶುರು ಮಾಡಿದ ಮೇಲೆ ಇದು ಬೇಗ ಹಗುರವಾಗುತ್ತದೆ. ‘ಸ್ವಲ್ಪ ತಳ್ಳಿದ ಮೇಲೆ ಬಾಗಿಲಿಗೆ ಬಲವೇ ಇಲ್ಲ ಅನಿಸುತ್ತೆ’ ಅಂತ ಇದರ ಬಗ್ಗೆ ದೂರು ಬಂದರೆ ಗಾಬರಿ ಬೇಡ, ಅದರ ಸ್ವಭಾವವೇ ಅದು.

ಆಮೇಲೆ ಬಾಡಿ ಎಲ್ಲಿ ಕೂತಿದೆ ನೋಡಿ. ನೀವು ಎಳೆದು ತೆರೆಯುವ ಕಡೆ, ಕದದ ಮೇಲೆ ಬಾಡಿ ಇದ್ದು, ಆರ್ಮ್ ಚೌಕಟ್ಟಿನಿಂದ ಆಚೆ ಚಾಚಿಕೊಂಡಿದ್ದರೆ ಅದು ಸಾಮಾನ್ಯ ಜೋಡಣೆ. ಇದರಲ್ಲಿ ಸ್ಪ್ರಿಂಗಿನ ಬಲ ಚೆನ್ನಾಗಿ ಸಿಗುತ್ತದೆ. ತಳ್ಳುವ ಕಡೆ ಕದದ ಮೇಲೆ ಬಾಡಿ ಇದ್ದು, ಮುಚ್ಚಿದಾಗ ಆರ್ಮ್ ಬಾಗಿಲಿಗೆ ಸಮಾನಾಂತರವಾಗಿ ಮಲಗಿದ್ದರೆ ಅದು ಪ್ಯಾರಲಲ್ ಆರ್ಮ್. ನೋಡಲು ಅಚ್ಚುಕಟ್ಟು, ಯಾರೂ ಜೋತುಬಿದ್ದು ಹಾಳು ಮಾಡುವುದೂ ಕಷ್ಟ, ಆದರೆ ಬಲ ಕಡಿಮೆ ಸಿಗುತ್ತದೆ. ತಳ್ಳುವ ಕಡೆಯೇ ಇದ್ದು ಬಾಡಿ ಚೌಕಟ್ಟಿನ ಮೇಲಿದ್ದರೆ ಮೂರನೆಯ ಬಗೆ.

ಕದದ ಮೇಲೂ ಚೌಕಟ್ಟಿನ ಮೇಲೂ ಏನೂ ಕಾಣಿಸುವುದಿಲ್ಲವೇ? ಹಾಗಿದ್ದರೆ ಕದದ ಮೇಲ್ತುದಿಯಲ್ಲೋ ಚೌಕಟ್ಟಿನೊಳಗೋ ಅಡಗಿಸಿಟ್ಟಿರುತ್ತಾರೆ. ಬಾಗಿಲು ತೆರೆದು ಮೇಲೆ ನೋಡಿದರೆ ಕಂಬಿ ಕಾಣುತ್ತದೆ. ಅಲ್ಲೂ ಇಲ್ಲದೆ, ಹಿಂಜ್ ಇರಬೇಕಾದ ಮೂಲೆಯ ಕೆಳಗೆ ನೆಲದಲ್ಲಿ ಲೋಹದ ತಗಡು ಕಂಡರೆ ಅದು ಫ್ಲೋರ್ ಸ್ಪ್ರಿಂಗ್. ದಪ್ಪ ಗಾಜಿನ ಬಾಗಿಲುಗಳಲ್ಲಿ ಇದೇ ಹೆಚ್ಚು.

ಹೆಸರು ಸಿಗದಿದ್ದಾಗ

ಪ್ಲಾಸ್ಟಿಕ್ ಕವರ್ ಮೇಲಿನ ಹೆಸರನ್ನೇ ನಂಬಬೇಡಿ. ಕವರ್ ಬದಲಾಗಿರಬಹುದು. ಅದನ್ನು ಬಿಚ್ಚಿ ಬಾಡಿಯನ್ನೇ ನೋಡಿ. ಸಂಖ್ಯೆ ಎರಕದಲ್ಲೇ ಬಂದಿರುತ್ತದೆ, ಎಷ್ಟೋ ಸಲ ಅದರ ಮೇಲೆ ಎರಡು ಮೂರು ಪದರ ಬಣ್ಣ ಕೂತಿರುತ್ತದೆ. ಬಿಳಿ ಸೀಮೆಸುಣ್ಣವನ್ನು ಅಡ್ಡಲಾಗಿ ಹಿಡಿದು ಅಲ್ಲಿ ಮೆಲ್ಲಗೆ ಉಜ್ಜಿ. ಉಬ್ಬಿದ ಅಕ್ಷರಗಳಿಗೆ ಮಾತ್ರ ಸುಣ್ಣ ಹಿಡಿದು ಎದ್ದು ಕಾಣುತ್ತವೆ. ಕೊರೆದ ಅಕ್ಷರವಾದರೆ ಪಕ್ಕದಿಂದ ಟಾರ್ಚ್ ಬಿಟ್ಟು ಫೋಟೋ ತೆಗೆಯಿರಿ. ನೇರ ಬೆಳಕಿನಲ್ಲಿ ಕಾಣದ್ದು ಓರೆ ಬೆಳಕಿನಲ್ಲಿ ಕಾಣುತ್ತದೆ.

ಯುರೋಪಿನ ಇಎನ್ 1154 ಗುಣಮಟ್ಟದ ಕ್ಲೋಸರ್ ಆದರೆ ಚೀಟಿಯ ಮೇಲೆ ಆರು ಅಂಕಿಗಳ ಸಾಲು ಇರುತ್ತದೆ. ಆ ಸಾಲನ್ನು ಓದುವುದು ಕಲಿತರೆ ಅರ್ಧ ಕೆಲಸ ಮುಗಿಯಿತು. ಉದಾಹರಣೆಗೆ 3 8 4 1 1 3 ಅಂತಿದೆ ಅಂದುಕೊಳ್ಳಿ. ಮೊದಲ ಅಂಕಿ ಎಷ್ಟು ತೆರೆದ ಜಾಗದಿಂದ ಅದು ಮುಚ್ಚಬಲ್ಲದು ಅಂತ ಹೇಳುತ್ತದೆ. 3 ಅಂದರೆ ಕನಿಷ್ಠ 105 ಡಿಗ್ರಿ, 4 ಅಂದರೆ 180 ಡಿಗ್ರಿ. ಎರಡನೆಯ 8 ಅಂದರೆ 5 ಲಕ್ಷ ಸಲ ತೆರೆದು ಮುಚ್ಚುವ ಪರೀಕ್ಷೆ ಮುಗಿಸಿದೆ. ಮೂರನೆಯದು ಬಲದ ಸೈಜ್, 1ರಿಂದ 7ರವರೆಗೆ. ಬಲವನ್ನು ಹೊಂದಿಸಬಹುದಾದ ಕ್ಲೋಸರ್ ಆದರೆ ಇಲ್ಲಿ ಕನಿಷ್ಠ, ಗರಿಷ್ಠ ಎರಡೂ ಇರುತ್ತವೆ. ನಾಲ್ಕನೆಯದು 1 ಆದರೆ ಬೆಂಕಿ ತಡೆಯುವ ಬಾಗಿಲಿಗೆ ಹಾಕಬಹುದು, 0 ಆದರೆ ಹಾಕಬಾರದು. ಐದನೆಯದು ಸುರಕ್ಷತೆಗೆ, ಅದು ಯಾವಾಗಲೂ 1. ಕೊನೆಯದು ತುಕ್ಕು ಎಷ್ಟು ತಡೆಯುತ್ತದೆ ಅನ್ನುವುದಕ್ಕೆ, 0ರಿಂದ 4.

ಸೈಜ್ ಅಂಕಿಯೇ ಎಲ್ಲಕ್ಕಿಂತ ಮುಖ್ಯ. ಸೈಜ್ 2 ಅಂದರೆ 850 ಮಿಲಿಮೀಟರ್ ಅಗಲ, 40 ಕಿಲೋ ತೂಕದವರೆಗಿನ ಬಾಗಿಲಿಗೆ. ಸೈಜ್ 3 ಅಂದರೆ 950 ಮಿಲಿಮೀಟರ್, 60 ಕಿಲೋ. ಸೈಜ್ 4 ಅಂದರೆ 1100 ಮಿಲಿಮೀಟರ್, 80 ಕಿಲೋ. ಸೈಜ್ 5 ಅಂದರೆ 1250 ಮಿಲಿಮೀಟರ್, 100 ಕಿಲೋ. ಬೆಂಕಿ ತಡೆಯುವ ಬಾಗಿಲಿಗೆ 1 ಮತ್ತು 2 ಸಾಲದು. ಟೇಪ್ ಹಿಡಿದು ಕದದ ಅಗಲ ಅಳೆಯಿರಿ. ಅಗಲ 1100 ಇದ್ದು ಮೇಲಿರುವುದು ಸೈಜ್ 3 ಆದರೆ, ಆ ಬಾಗಿಲು ಸರಿಯಾಗಿ ಮುಚ್ಚದೆ ಇರುವುದು ವಾಲ್ವ್‌ನ ತಪ್ಪಲ್ಲ. ಅಮೆರಿಕದ ಗುಣಮಟ್ಟದಲ್ಲಿ ಸೈಜ್‌ಗಳು 1ರಿಂದ 6. ಅಲ್ಲಿನ ಸಂಖ್ಯೆಯನ್ನೂ ಯುರೋಪಿನದನ್ನೂ ಬೆರೆಸಿಕೊಳ್ಳಬೇಡಿ.

ಚೀಟಿಯೂ ಇಲ್ಲ, ಎರಕದ ಸಂಖ್ಯೆಯೂ ಇಲ್ಲ ಅಂದರೆ ಉಳಿಯುವುದು ಅಳತೆ. ಬಾಡಿಯ ಉದ್ದ, ಎತ್ತರ, ದಪ್ಪ, ಸ್ಕ್ರೂ ತೂತುಗಳ ನಡುವಿನ ಅಂತರ. ತೂತಿನ ಅಂತರವನ್ನು ನಡುವಿನಿಂದ ನಡುವಿಗೆ ಅಳೆಯಿರಿ, ಅಂಚಿನಿಂದ ಅಲ್ಲ. ತಯಾರಕರ ನಕ್ಷೆಗಳ ಜೊತೆ ಹೋಲಿಸಲು ಇದೇ ಅಳತೆ ಬೇಕು.

ಯಾವ ಸ್ಕ್ರೂ ಏನು ಮಾಡುತ್ತದೆ

ಬಾಗಿಲೇ ಇದನ್ನು ಹೇಳುತ್ತದೆ. 90 ಡಿಗ್ರಿ ತೆರೆದು ಬಿಡಿ, ಮುಟ್ಟದೆ ನೋಡುತ್ತಾ ನಿಲ್ಲಿ. ಮೂರು ನಾಲ್ಕು ಸಲ ನೋಡಿ. ಹೆಚ್ಚಿನ ದೂರ ಒಂದು ವೇಗದಲ್ಲಿ ಬರುತ್ತದೆ. ಕೊನೆಯ 10–15 ಡಿಗ್ರಿಯಲ್ಲಿ ವೇಗ ಬದಲಾಗುತ್ತದೆ. ಮೊದಲನೆಯದಕ್ಕೆ ಒಂದು ವಾಲ್ವ್, ಕೊನೆಯ ತುಂಡಿಗೆ ಇನ್ನೊಂದು. ಎರಡೇ ಸ್ಕ್ರೂ ಇದ್ದರೆ ಸಾಮಾನ್ಯವಾಗಿ ಇವೇ ಎರಡು. ಬಾಡಿಯ ಮೇಲೆ 1, 2 ಅಂತಲೋ ಎಸ್, ಎಲ್ ಅಂತಲೋ ಗುರುತು ಇರುತ್ತದೆ.

ಮೂರನೆಯ ಸ್ಕ್ರೂ ಕಂಡರೆ ಅದು ಬ್ಯಾಕ್‌ಚೆಕ್ ಇರಬಹುದು. ಇದನ್ನು ತಿಳಿಯಲು ಬಾಗಿಲನ್ನು ತೆರೆಯುವ ದಿಕ್ಕಿನಲ್ಲಿ ಸ್ವಲ್ಪ ಜೋರಾಗಿ ತಳ್ಳಿ. ಸುಮಾರು 70–75 ಡಿಗ್ರಿ ದಾಟುತ್ತಿದ್ದಂತೆ ಹಾಸಿಗೆಗೆ ಒರಗಿದ ಹಾಗೆ ಮೆತ್ತಗೆ ತಡೆ ಸಿಕ್ಕರೆ ಬ್ಯಾಕ್‌ಚೆಕ್ ಇದೆ. ಗಾಳಿಗೆ ಬಾಗಿಲು ಗೋಡೆಗೆ ಹೋಗಿ ಬಡಿಯದಂತೆ ನಿಧಾನ ಮಾಡುವುದು ಅದರ ಕೆಲಸ. ಬಾಗಿಲನ್ನು ನಿಲ್ಲಿಸುವುದಕ್ಕೆ ಅದನ್ನು ಬಳಸಬೇಡಿ. ಅದನ್ನೇ ಪೂರ್ತಿ ಬಿಗಿ ಮಾಡಿ ಸ್ಟಾಪರ್ ಹಾಕದೆ ಬಿಟ್ಟರೆ, ಆ ಹೊಡೆತವೆಲ್ಲ ಆರ್ಮ್‌ಗೂ ಸ್ಕ್ರೂಗಳಿಗೂ ಬೀಳುತ್ತದೆ. ಸ್ವಲ್ಪ ದಿನದಲ್ಲಿ ಕದದಿಂದ ಸ್ಕ್ರೂ ಕಿತ್ತು ಬರುತ್ತದೆ.

ಇನ್ನೊಂದು ಸ್ಕ್ರೂ ಇದ್ದರೆ ಅದು ನನ್ನನ್ನು ಬೇಸ್ತು ಬೀಳಿಸಿದ ತಡ ಮುಚ್ಚುವ ಸೌಲಭ್ಯ. ಪೂರ್ತಿ ತೆರೆದ ಜಾಗದಿಂದ ಸುಮಾರು 70 ಡಿಗ್ರಿವರೆಗೆ ಬಾಗಿಲು ಕಣ್ಣಿಗೆ ಕಾಣದಷ್ಟು ನಿಧಾನ ಬರುತ್ತದೆ, ಆಮೇಲೆ ಮಾಮೂಲಿ ವೇಗ ಹಿಡಿಯುತ್ತದೆ. ಹೀಗೆ ಎರಡು ಹಂತ ಸ್ಪಷ್ಟವಾಗಿ ಕಂಡರೆ ಅದು ರೋಗವಲ್ಲ.

ಬಾಡಿಯ ಒಂದು ತುದಿಯಲ್ಲಿ ಇರುವ ದೊಡ್ಡ ನಟ್ ಅಥವಾ ಅಲೆನ್ ಕೀ ಹೋಗುವ ತೂತು ಸ್ಪ್ರಿಂಗ್ ಬಲಕ್ಕೆ. ವಾಲ್ವ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಕೈಗೇ ತಿಳಿಯುತ್ತದೆ. ವಾಲ್ವ್ ಎಂಟರಲ್ಲಿ ಒಂದು ಭಾಗ ತಿರುಗಿಸಿದರೂ ಬಾಗಿಲಿನ ವೇಗ ಬದಲಾಗುತ್ತದೆ. ಸ್ಪ್ರಿಂಗ್ ನಟ್ಟಿಗೆ ಹಲವು ಪೂರ್ತಿ ಸುತ್ತು ಬೇಕು. ಸಾಮಾನ್ಯವಾಗಿ ವಾಲ್ವ್ ಬಲಕ್ಕೆ ತಿರುಗಿದರೆ ನಿಧಾನ, ಎಡಕ್ಕೆ ತಿರುಗಿದರೆ ಜೋರು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ವಾಲ್ವ್‌ನ ತಲೆ ಬಾಡಿಯ ಮಟ್ಟಕ್ಕಿಂತ ಮೇಲೆ ಬರಬಾರದು. ಬಂದರೆ ಎಣ್ಣೆ ಹೊರಗೆ.

ಎರಡು ತುದಿಯ ದೊಡ್ಡ ಮುಚ್ಚಳಗಳನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಒಳಗೆ ಅದುಮಿಟ್ಟ ಸ್ಪ್ರಿಂಗ್ ಇದೆ, ಮುಖಕ್ಕೆ ಹಾರುತ್ತದೆ.

ತಪ್ಪು ಕ್ಲೋಸರ್‌ನದ್ದೋ, ಬಾಗಿಲಿನದ್ದೋ

ಬಾಗಿಲು ಮುಚ್ಚಿ. ಆರ್ಮ್‌ನ ಎರಡು ತುಂಡು ಸೇರುವ ಮೊಣಕೈಯ ಸ್ಕ್ರೂ ಬಿಚ್ಚಿ. ಮುಖ ದೂರ ಇರಲಿ, ಒಂದು ಕೈಯಲ್ಲಿ ಆರ್ಮ್ ಹಿಡಿದಿರಿ, ಏಕೆಂದರೆ ಬಿಚ್ಚಿದ ಕೂಡಲೇ ಅದು ಪಕ್ಕಕ್ಕೆ ಹಾರಬಹುದು. ಈಗ ಕದವನ್ನು ಒಂದು ಬೆರಳಿನಿಂದ ತೆರೆದು ಮುಚ್ಚಿ ನೋಡಿ. ಎಲ್ಲಾದರೂ ನೆಲಕ್ಕೆ ಉಜ್ಜುತ್ತಿದೆಯಾ? ಹಿಂಜ್ ಕಿರ್ ಅನ್ನುತ್ತಿದೆಯಾ? ತಾನಾಗೇ ಒಂದು ಕಡೆಗೆ ಜಾರುತ್ತಿದೆಯಾ? ಹಾಗಿದ್ದರೆ ಕ್ಲೋಸರ್ ಬಡಪಾಯಿ, ಅದು ಬಾಗಿಲಿನ ಜೊತೆ ಹೋರಾಡುತ್ತಿದೆ ಅಷ್ಟೆ. ಹಿಂಜ್ ಸರಿಮಾಡದೆ ಸ್ಪ್ರಿಂಗ್ ಬಿಗಿ ಮಾಡಿದರೆ ತೆರೆಯುವವರಿಗೆ ಭಾರವಾಗುತ್ತದೆ, ಬೇರೇನೂ ಆಗುವುದಿಲ್ಲ.

ಇಷ್ಟು ಮಾಡುವುದಕ್ಕೆ ಐದು ನಿಮಿಷ ಸಾಕು. ಆದರೂ ಹೆಚ್ಚಿನವರು ಇದನ್ನೇ ಬಿಡುತ್ತಾರೆ.

ಕೊನೆಯ ಬೆರಳಷ್ಟು ಸಂದು

ನಾನು ಕಂಡ ದೂರುಗಳಲ್ಲಿ ಇದೇ ಜಾಸ್ತಿ, ಇದರ ಕಾರಣಗಳೂ ಜಾಸ್ತಿ. ಲ್ಯಾಚ್‌ನ ನಾಲಿಗೆಯನ್ನು ಒಳಗೆ ಒತ್ತಿ, ಹೊರಗೆ ಬಾರದಂತೆ ಟೇಪ್ ಅಂಟಿಸಿ. ಈಗ ಬಾಗಿಲು ಪೂರ್ತಿ ಮುಚ್ಚಿದರೆ ತೊಂದರೆ ಇರುವುದು ಲ್ಯಾಚ್‌ನಲ್ಲಿ, ಕ್ಲೋಸರ್‌ನಲ್ಲಿ ಅಲ್ಲ. ನಾಲಿಗೆಗೆ ಸೀಮೆಸುಣ್ಣ ಸವರಿ ಒಂದು ಸಲ ಮುಚ್ಚಿ ತೆರೆಯಿರಿ. ಚೌಕಟ್ಟಿನ ತಗಡಿನ ಮೇಲೆ ಗುರುತು ತೂತಿಗಿಂತ ಕೆಳಗೆ ಬಿದ್ದಿದ್ದರೆ ಕದ ಜಗ್ಗಿದೆ ಅಂತ ಅರ್ಥ.

ಟೇಪ್ ಅಂಟಿಸಿದರೂ ಮುಚ್ಚದಿದ್ದರೆ ಗಾಳಿ ಪರೀಕ್ಷಿಸಿ. ಆ ಕೋಣೆಯ ಕಿಟಕಿಯನ್ನೋ ಇನ್ನೊಂದು ಬಾಗಿಲನ್ನೋ ತೆರೆದಿಟ್ಟು ಮತ್ತೆ ಬಿಡಿ. ಈಗ ಸರಿಯಾಗಿ ಮುಚ್ಚಿತಾ? ಹಾಗಾದರೆ ಒಳಗಿನ ಗಾಳಿಯ ಒತ್ತಡ ಬಾಗಿಲನ್ನು ತಡೆಯುತ್ತಿದೆ. ಏಸಿ ಇರುವ ಕಟ್ಟಡಗಳಲ್ಲಿ, ಎತ್ತರದ ಕಟ್ಟಡದ ಮೆಟ್ಟಿಲ ಬಾಗಿಲಲ್ಲಿ ಇದು ಮಾಮೂಲಿ. ಸಂದಿನ ಹತ್ತಿರ ತೆಳು ಕಾಗದದ ಚೂರು ಹಿಡಿದರೆ ಅದು ಬಾಗುವ ದಿಕ್ಕಿನಲ್ಲೇ ಗಾಳಿ ಎತ್ತ ನುಗ್ಗುತ್ತಿದೆ ಅಂತ ಗೊತ್ತಾಗುತ್ತದೆ.

ಇವೆರಡೂ ಅಲ್ಲದಿದ್ದರೆ ಕೊನೆಯ ಹಂತದ ವಾಲ್ವ್ ಅನ್ನು ಸ್ವಲ್ಪವೇ ಸಡಿಲ ಮಾಡಿ. ಆಮೇಲೆ ಬಲ. ಬಲಕ್ಕೆ ಕೈ ಹಾಕುವ ಮೊದಲು ಆರ್ಮ್ ಸರಿಯಾಗಿ ಕೂತಿದೆಯಾ ನೋಡಿ. ಸಾಮಾನ್ಯ ಜೋಡಣೆಯಲ್ಲಿ ಬಾಗಿಲು ಮುಚ್ಚಿದಾಗ ಚೌಕಟ್ಟಿಗೆ ಹೋಗುವ ತುಂಡು ಬಾಗಿಲಿಗೆ ನೇರ ಕೋನದಲ್ಲಿ, ಅಂದರೆ 90 ಡಿಗ್ರಿಯಲ್ಲಿ ಇರಬೇಕು. ಓರೆಯಾಗಿದ್ದರೆ, ಹಾಕಿದವರು ಆರ್ಮ್ ಅನ್ನು ಸ್ಪ್ರಿಂಗಿಗೆ ಎದುರಾಗಿ ಎಳೆದು ಕೂರಿಸಿಲ್ಲ. ಬಾಗಿಲು ಮುಚ್ಚುವ ಹೊತ್ತಿಗೆ ಬೇಕಾದ ಬಿಗಿ ಅದರಲ್ಲಿ ಉಳಿದಿರುವುದಿಲ್ಲ. ಇನ್ನೊಂದು ಕಡೆ ಕಣ್ಣು ಹಾಯಿಸಿ: ಆರ್ಮ್ ಬಾಡಿಯ ಮೇಲೆ ಕೂರುವ ಜಾಗದ ಸುತ್ತ ಕಪ್ಪು ಪುಡಿ ಕಂಡರೆ ಅಲ್ಲಿನ ಸ್ಕ್ರೂ ಸಡಿಲವಾಗಿ ಲೋಹ ಲೋಹ ತಿಕ್ಕುತ್ತಿದೆ. ಆ ಸಡಿಲವೇ ಕೊನೆಯ ತುಸು ಎಳೆತವನ್ನು ನುಂಗಿಬಿಡುತ್ತದೆ. ಬಿಗಿ ಮಾಡಿದರೆ ಸಾಕಾಗಬಹುದು.

ಬಡಿದುಕೊಳ್ಳುವ ಬಾಗಿಲು

ಮುಚ್ಚುವ ವೇಗದ ವಾಲ್ವ್ ಅನ್ನು ಬಲಕ್ಕೆ ತಿರುಗಿಸುತ್ತಾ ಹೋಗಿ, ಮೆಲ್ಲಗೆ ತಳ ಮುಟ್ಟುವವರೆಗೆ. ಬಲವಂತ ಬೇಡ. ಎಣ್ಣೆ ಇರುವ ಕ್ಲೋಸರ್ ಆಗ ಹೆಚ್ಚುಕಡಿಮೆ ನಿಂತೇ ಬಿಡಬೇಕು. ಆದರೂ ಬಾಗಿಲು ಬಡಿದರೆ ಎಣ್ಣೆ ಹೋಗಿದೆ, ಇಲ್ಲವೇ ಒಳಗಿನ ಸೀಲ್ ಸವೆದಿದೆ. ಬಿಟ್ಟ ಕೂಡಲೇ ಸ್ವಲ್ಪ ದೂರ ತಡೆಯೇ ಇಲ್ಲದೆ ಬಂದು, ಆಮೇಲೆ ತಟ್ಟನೆ ಹಿಡಿದುಕೊಂಡರೆ ಎಣ್ಣೆ ಕಮ್ಮಿಯಾಗಿ ಒಳಗೆ ಗಾಳಿ ಸೇರಿದೆ. ಆರ್ಮ್ ಬುಡದಲ್ಲಿ, ಬಾಡಿಯ ಕೆಳಗೆ ಬೆರಳು ಸವರಿ ನೋಡಿ. ಜಿಡ್ಡಿಗೆ ಧೂಳು ಅಂಟಿ ಕಪ್ಪಗಾಗಿರುತ್ತದೆ. ಸೋರುವ ಕ್ಲೋಸರ್‌ಗೆ ಎಣ್ಣೆ ತುಂಬಿಸಲು ಹೊರಡಬೇಡಿ. ಸೀಲ್ ಹೋದ ಮೇಲೆ ತುಂಬಿದ್ದೂ ಸೋರಿ ಹೋಗುತ್ತದೆ, ಬಾಗಿಲ ಬುಡದಲ್ಲಿ ಕಾಲು ಜಾರುತ್ತದೆ. ಬದಲಾಯಿಸುವುದೇ ದಾರಿ.

ಬೆಳಗ್ಗೆ ನಿಧಾನ, ಮಧ್ಯಾಹ್ನ ಜೋರು ಅನ್ನುವುದಾದರೆ ಅದು ಬಿಸಿಲಿನ ಆಟ. ಚಳಿಗೆ ಎಣ್ಣೆ ಗಟ್ಟಿಯಾಗುತ್ತದೆ, ಶಾಖಕ್ಕೆ ತೆಳುವಾಗುತ್ತದೆ. ಹೊರಬಾಗಿಲನ್ನು ದಿನದ ಒಂದೇ ಹೊತ್ತಿನಲ್ಲಿ ನೋಡಿ ಹೊಂದಿಸಬೇಡಿ.

ತೆರೆದೇ ನಿಲ್ಲುವ ಬಾಗಿಲು

ಮೊಣಕೈಯಲ್ಲೋ ಆರ್ಮ್ ತುದಿಯಲ್ಲೋ ಹಿಡಿದು ನಿಲ್ಲಿಸುವ ನಟ್ ಇದೆಯಾ ನೋಡಿ. ಟ್ರ್ಯಾಕ್ ಮಾದರಿಯಲ್ಲಿ ಅದು ಕಂಬಿಯೊಳಗೆ ಇರುತ್ತದೆ. ಟ್ರ್ಯಾಕ್ ಅಥವಾ ಬಾಡಿಗೆ ವಯರ್ ಬಂದಿದ್ದರೆ ಅದು ಕರೆಂಟಿನಿಂದ ಹಿಡಿದಿಡುವ ಮಾದರಿ. ಕರೆಂಟ್ ಹೋದಾಗ ಅಥವಾ ಬೆಂಕಿಯ ಅಲಾರಂ ಬಂದಾಗ ಬಾಗಿಲು ತಾನಾಗೇ ಮುಚ್ಚಬೇಕು, ಹಾಗೆ ಮಾಡಿದರೆ ಅದು ಸರಿಯಾಗೇ ಇದೆ. ಬೆಂಕಿ ತಡೆಯುವ ಬಾಗಿಲಿಗೆ ಯಾರೋ ಕೈಯಲ್ಲಿ ಸಿಕ್ಕಿಸುವ ಹೋಲ್ಡ್ ಆರ್ಮ್ ಹಾಕಿದ್ದು ಕಂಡರೆ, ಅಥವಾ ಮರದ ತುಂಡು ಕೊಟ್ಟು ನಿಲ್ಲಿಸಿದ್ದರೆ, ಅದನ್ನು ಅವತ್ತೇ ತೆಗೆಸಿ. ಹೊಗೆ ಹರಡದಂತೆ ಜನರನ್ನು ಕಾಯುವ ಬಾಗಿಲು ಅದು.

ಫ್ಲೋರ್ ಸ್ಪ್ರಿಂಗ್‌ನಲ್ಲಿ ಮೇಲಿನ ತಗಡು ಬಿಚ್ಚಿದರೆ ವಾಲ್ವ್‌ಗಳು ಸಿಗುತ್ತವೆ. ಪೆಟ್ಟಿಗೆಯಲ್ಲಿ ನೀರು ನಿಂತಿದ್ದರೆ ಮೊದಲು ಅದನ್ನು ಒರೆಸಿ. ನೆಲ ತೊಳೆದ ನೀರು ಒಳಗೆ ಇಳಿದು ತುಕ್ಕು ಹಿಡಿಸುವುದೇ ಇಲ್ಲಿನ ದೊಡ್ಡ ಶತ್ರು.

ಬದಲಾಯಿಸಲೇಬೇಕಾದರೆ

ಹಳೆಯದನ್ನು ಇಳಿಸುವ ಮೊದಲು ಫೋಟೋ ತೆಗೆಯಿರಿ: ಬಾಗಿಲು ಮುಚ್ಚಿದಾಗ ಒಂದು, 90 ಡಿಗ್ರಿ ತೆರೆದಾಗ ಒಂದು, ಆರ್ಮ್ ಬುಡದ್ದು ಹತ್ತಿರದಿಂದ ಒಂದು. ತಳ್ಳುವ ಕಡೆಯೋ ಎಳೆಯುವ ಕಡೆಯೋ, ಹಿಂಜ್ ಎಡಕ್ಕೋ ಬಲಕ್ಕೋ, ಕದದ ಅಗಲ ಎಷ್ಟು, ವಾಲ್ವ್ ಎಷ್ಟು, ತೂತುಗಳ ಅಂತರ ಎಷ್ಟು ಅಂತ ಬರೆದುಕೊಳ್ಳಿ. ಪ್ಯಾರಲಲ್ ಆರ್ಮ್ ಆದರೆ ಒಂದು ಸೈಜ್ ಮೇಲಿನದನ್ನು, ಇಲ್ಲವೇ ಬಲ ಹೊಂದಿಸಬಹುದಾದ್ದನ್ನು ತೆಗೆದುಕೊಳ್ಳಿ. ಹಳೆಯ ತೂತುಗಳು ಸರಿಹೊಂದದಿದ್ದರೆ ಪಕ್ಕದಲ್ಲೇ ಹೊಸ ತೂತು ಕೊರೆಯುವ ಆತುರ ಬೇಡ, ನಡುವೆ ಕೊಡುವ ಲೋಹದ ತಗಡು ಸಿಗುತ್ತದೆ, ಅದನ್ನು ಕೇಳಿ. ಹೊಸದರ ಜೊತೆ ಬಂದ ಕಾಗದದ ಟೆಂಪ್ಲೇಟ್ ಅನ್ನು ಎಸೆಯದೆ, ಕದದ ಹಿಂಜ್ ಕಡೆಯ ಅಂಚಿಗೆ ಹೊಂದಿಸಿ ಅಂಟಿಸಿ ಗುರುತು ಹಾಕಿ.

ಹಾಕಿದ ಮೇಲೆ 90 ಡಿಗ್ರಿಯಿಂದ ಬಿಟ್ಟು ಗಡಿಯಾರ ನೋಡಿ. ಹೆಚ್ಚುಕಡಿಮೆ ಐದರಿಂದ ಏಳು ಸೆಕೆಂಡಿನಲ್ಲಿ ಮುಚ್ಚಿ, ಕೊನೆಗೆ ಕಟಕ್ ಅಂತ ಲ್ಯಾಚ್ ಕೂರಬೇಕು. ಒಂದು ವಾರ ಬಿಟ್ಟು ಮತ್ತೆ ಏಣಿ ಹಾಕಿ ಬಾಡಿಯ ಸ್ಕ್ರೂಗಳನ್ನೂ ಆರ್ಮ್ ಬುಡದ ಸ್ಕ್ರೂವನ್ನೂ ಬಿಗಿಯಾಗಿವೆಯಾ ಅಂತ ಒಂದು ಸಲ ನೋಡಿ. ಹೊಸ ಕ್ಲೋಸರ್‌ನ ಸ್ಕ್ರೂಗಳು ಮೊದಲ ವಾರದಲ್ಲೇ ಒಂದಿಷ್ಟು ಸಡಿಲವಾಗುತ್ತವೆ.